ಕಣದ ಕಿವಿ

ಬಸರೀಕಟ್ಟೆಯಿಂದ ಎರಡು ಮೈಲಿ ಒಳಗಿದ್ದ ವೆಂಕಟರಮಣಯ್ಯನವರ ಕಾಫಿ ತೋಟದಲ್ಲಿ ಮೂಟೆ ಕಟ್ಟಲು ಅಪ್ಪಣೆ ಕೊಡುತ್ತಿದ್ದದ್ದು ಯಜಮಾನರೂ ಅಲ್ಲ, ಅವರ ಲೆಕ್ಕ ಬರೆಯುವ ರೈಟರೂ ಅಲ್ಲ. ಜೀಪ್ ಡ್ರೈವರ್ ಅಬ್ದುಲ್ ಖಾದರನ ಹೆಂಡತಿ ಅಮೀರ್ ಬೀ. ಕಣದಲ್ಲಿ ಎರಡು ವಾರ ಬಿಸಿಲು ತಿಂದು ಕಪ್ಪಗೆ ಸುಕ್ಕಾದ ಕಾಫಿ ಹಣ್ಣನ್ನು ಅವಳು ಒಂದು ಹಿಡಿ ತೆಗೆದು, ಮುಷ್ಟಿ ಕಟ್ಟಿ, ಕಿವಿಯ ಹತ್ತಿರ ಎರಡು ಸಲ ಕುಲುಕುತ್ತಿದ್ದಳು. ಸಿಪ್ಪೆಯೊಳಗೆ ಬೇಳೆ ಬಿಟ್ಟುಕೊಂಡು ಗಲಗಲ ಅಂದರೆ ಒಣಗಿದೆ, ತುಂಬಬಹುದು. ಮಂದವಾಗಿ ಅಂದರೆ ಇನ್ನೂ ಹಸಿ, ಮತ್ತೆ ಹರವಬೇಕು. ಹಸಿ ಕಾಫಿ ತುಂಬಿಟ್ಟರೆ ಮೂಟೆಯೊಳಗೇ ಬೂಸ್ಟು ಹಿಡಿಯುತ್ತದೆ.

ಕುಲುಕಿ ನೋಡುವುದು ಯಾರಿಗೂ ಬರುತ್ತದೆ. ಆದರೆ ಗಲಗಲಕ್ಕೂ ಗಲಗಲಕ್ಕೂ ನಡುವೆ ಅರ್ಧ ಬಿಸಿಲಿನ ವ್ಯತ್ಯಾಸ ಇರುತ್ತದಲ್ಲ, ಅದನ್ನು ಹಿಡಿಯುವ ಕಿವಿ ಆ ಸುತ್ತಿನ ನಾಲ್ಕಾರು ತೋಟಗಳಲ್ಲಿ ಇವಳಿಗೊಬ್ಬಳಿಗೇ ಇತ್ತು. ತೇವ ಅಳೆಯುವ ಯಂತ್ರ ಬಂದಿದೆಯಂತೆ ಅಂತ ಯಾರಾದರೂ ಹೇಳಿದರೆ ವೆಂಕಟರಮಣಯ್ಯ ನಗುತ್ತಿದ್ದರು. "ನಮ್ಮಲ್ಲೂ ಉಂಟು ಮಾರಾಯ. ಎಲೆ ಅಡಿಕೆ ಹಾಕ್ತದೆ, ಅಷ್ಟೆ." ಆ ಮಾತು ಕೇಳಿದ ದಿನ ಅಮೀರ್ ಬೀ ಹೊಟ್ಟೆ ತುಂಬಾ ಊಟ ಮಾಡುತ್ತಿದ್ದಳು. ಯಾರಿಗೇ ಆಗಲಿ, ಇಲ್ಲಿ ನಾನಿಲ್ಲದಿದ್ದರೆ ನಡೆಯುವುದಿಲ್ಲ ಅನ್ನುವ ಒಂದು ಜಾಗ ಬೇಕು. ಅವಳಿಗೆ ಆ ಕಣ.

ಅಂಥವಳಿಗೆ ಮೂರನೇ ಹೆರಿಗೆ ಆದ ಮೇಲೆ ಕಿವಿ ಮಂದವಾಗುತ್ತಾ ಬಂತು. ಅವಳ ತಾಯಿಗೂ ಹಾಗೇ ಆಗಿತ್ತು. ಆ ಮನೆಯ ಹೆಣ್ಣುಮಕ್ಕಳಿಗೆ ಅದೊಂದು ಬಳುವಳಿ, ಒಡವೆ ಬರದಿದ್ದರೂ ಇದು ತಪ್ಪದೆ ಬರುತ್ತಿತ್ತು. ಎರಡು ಸುಗ್ಗಿ ಮುಚ್ಚಿಟ್ಟಳು. ಮೂರನೆಯ ಸುಗ್ಗಿಯಲ್ಲಿ ವೆಂಕಟರಮಣಯ್ಯ ಬೆನ್ನ ಹಿಂದೆ ನಿಂತು ಮೂರು ಸಲ ಕರೆದರೂ ತಿರುಗಲಿಲ್ಲ. ಅವರು ಬಯ್ಯಲಿಲ್ಲ. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಕಾಗದ ಬರೆದು, ತಮ್ಮದೇ ಜೀಪಿನಲ್ಲಿ ಗಂಡ ಹೆಂಡತಿಯನ್ನು ಕಳಿಸಿಕೊಟ್ಟರು. ಇದು ಎಂಬತ್ತೊಂದನೇ ಇಸವಿಯ ಮಾತು.

ಅಲ್ಲಿದ್ದ ಡಾಕ್ಟರು ವಯಸ್ಸಾದವರು. ಮಿಡಿದರೆ ಗುಂಯ್ ಅನ್ನುವ ಕಬ್ಬಿಣದ ಕವೆಯೊಂದನ್ನು ಕಿವಿಯ ಹಿಂದೆ ಒತ್ತಿ ಹಿಡಿದು, ಏನೇನೋ ಕೇಳಿ, ಬಲಗಿವಿ ಜಾಸ್ತಿ ಕೆಟ್ಟಿದೆ, ಅದನ್ನೇ ಮೊದಲು ಮಾಡೋಣ ಅಂದರು. ಮರಗಟ್ಟುವ ಸೂಜಿ ಮಾತ್ರ ಚುಚ್ಚಿದರು, ಎಚ್ಚರ ತಪ್ಪಿಸಲಿಲ್ಲ. ಎರಡು ಗಂಟೆ ಹಿಡಿಯಿತು. ಇನ್ನೇನು ಮುಗಿಯಿತು ಅಂತ ಅವಳಿಗೆ ಮೂರು ಸಲ ಅನಿಸಿತು. ಮೂರು ಸಲವೂ ಆ ಮುದುಕರು ಕೈ ನಿಲ್ಲಿಸಿ, ಉಸಿರು ಬಿಟ್ಟು, ಮತ್ತೆ ಶುರು ಮಾಡಿದರು. ಕೊನೆಗೆ ಮುಖಕ್ಕೆ ಮುಚ್ಚಿದ ಬಟ್ಟೆಯ ಆಚೆಯಿಂದ ಒಂದು ಪಿಸುಮಾತು ಬಂತು.

"ಅಮೀರ್ ಬೀ, ಮನೆಗೆ ಹೋಗಿ ಎಂತ ಅಡಿಗೆ ಮಾಡ್ತೀರಿ?"

ಪಿಸುಮಾತು! ಮೂರು ವರ್ಷದಿಂದ ಪಿಸುಮಾತು ಅನ್ನುವುದನ್ನೇ ಕೇಳದವಳು. "ಮೀನು ಸಾರು ಡಾಕ್ಟ್ರೆ" ಅಂದವಳು ಅಲ್ಲೇ ಮಲಗಿದಲ್ಲೇ ಗಳಗಳ ಅತ್ತುಬಿಟ್ಟಳು.

ಹೊರಡುವ ದಿನ ಡಾಕ್ಟರು ಅವಳನ್ನು ಎದುರಿಗೆ ಕೂರಿಸಿಕೊಂಡರು. "ನೋಡಿ, ಒಳಗೆ ಅಕ್ಕಿಕಾಳಿಗಿಂತ ಸಣ್ಣ ಮೂಳೆ ಉಂಟು. ಅದರ ಪಾದ ಅಂಟಿಕೊಂಡಿತ್ತು. ಇಡೀ ಪಾದ ಕಿತ್ತು ತೆಗೆದ್ರೆ ಬೇಗ ಮುಗೀತದೆ. ನಾನು ಹಾಗೆ ಮಾಡ್ಲಿಲ್ಲ, ಅದರಲ್ಲಿ ಸೂಜಿಮೊನೆಯಷ್ಟು ತೂತು ಮಾಡಿ ಒಂದು ಕಡ್ಡಿ ಕೂರಿಸಿದ್ದೇನೆ. ಎಂತಕ್ಕೆ ಅಂದ್ರೆ ಅದರ ಹಿಂದೆ ನೀರುಂಟು. ನಾಲ್ಕು ಹನಿ. ಕೇಳೂದು ಆ ನೀರಿಂದ. ನೀವು ಕಾಫಿ ಹಣ್ಣು ಬಿಡಿಸುವಾಗ ಬೇಳೆಗೆ ಉಗುರು ತಾಗಿಸ್ತೀರಾ?"

"ಇಲ್ಲ" ಅಂದಳು.

"ಹಾಂ, ಅಷ್ಟೆ. ಎಡಗಿವಿ ಹಾಗೇ ಇರ್ಲಿ. ಅದು ನಿಮ್ಮ ಪೆಟ್ಟಿಗೆಯಲ್ಲಿಟ್ಟ ಒಡವೆ. ನಾನು ಹೇಳುವವರೆಗೆ ಯಾರ ಕೈಗೂ ಕೊಡ್ಬೇಡಿ."

ಎರಡು ಸುಗ್ಗಿ ಅಮೀರ್ ಬೀ ಬಲಗಿವಿಯಲ್ಲಿ ಕಣವನ್ನು ಆಳಿದಳು. ಕಾಫಿ ಕುಲುಕುವುದೇನು, ಆಳುಗಳ ದೂರದ ಲೈನುಮನೆಯಲ್ಲಿ ಯಾರು ಯಾರ ಬಗ್ಗೆ ಏನು ಆಡಿಕೊಂಡರು ಅನ್ನುವುದೂ ಕೇಳುತ್ತದೆ ಅಂತ ಕಣದ ಜೊತೆಗಾತಿ ಪ್ರೇಮಕ್ಕ ಗೇಲಿ ಮಾಡುತ್ತಿದ್ದಳು.

ಆಗ ಬಂದ ವಿಘ್ನೇಶ್ವರ. ವೆಂಕಟರಮಣಯ್ಯನವರ ಅಕ್ಕನ ಮಗ, ಕಿವಿ ಮೂಗು ಗಂಟಲಿನ ಡಾಕ್ಟರು, ಹೊಸದಾಗಿ ಓದು ಮುಗಿಸಿದವನು. ಬಿಳಿ ಪ್ಯಾಂಟು, ಬಾಯಿ ತುಂಬಾ ನಗು, ಕೆಟ್ಟವನೇನಲ್ಲ. ಕೆಟ್ಟವನಾಗಿದ್ದರೆ ಈ ಕಥೆ ಹೇಳುವುದು ಸುಲಭವಾಗುತ್ತಿತ್ತು. ಕೊಪ್ಪದ ಸಭಾಭವನದಲ್ಲಿ ಉಚಿತ ಕಿವಿ ಆಪರೇಷನ್ ಶಿಬಿರ ಮಾಡುವುದೆಂದು ಹೊರಟ. ಒಂದೇ ದಿನದಲ್ಲಿ ಹದಿನೆಂಟು ಕಿವಿ. "ಒಂದು ಕಿವಿಗೆ ಹದಿನೈದು ನಿಮಿಷ ಸಾಕು ಮಾವ" ಅಂದ. ಆ ಮಾತು ಶೃಂಗೇರಿಯವರೆಗೂ ಹಬ್ಬಿತು. ನಮ್ಮ ಕಡೆ ಕಾಫಿ ಕೊಯ್ಯುವವಳಿಗೂ, ಮದುವೆಮನೆಯಲ್ಲಿ ಬಡಿಸುವವನಿಗೂ, ಡಾಕ್ಟರಿಗೂ ಕೊಡುವ ಸರ್ಟಿಫಿಕೇಟು ಒಂದೇ: ಕೈ ಚುರುಕು. ಘಾಟಿಯ ತಿರುವಿನಲ್ಲಿ ಮಾತ್ರ ಅವಸರವೇ ಅಪಘಾತಕ್ಕೆ ಕಾರಣ ಅಂತ ಬೋರ್ಡು ಹಾಕುತ್ತೇವೆ.

ಆದರೂ ಜನಕ್ಕೆ ಭಯ. ಕಿವಿಯೊಳಗೆ ಕತ್ತಿ ಹಾಕಿಸಿಕೊಳ್ಳಲು ಮೊದಲು ಕೂರುವವರು ಯಾರು? ಎಲ್ಲರಿಗೂ ಗೊತ್ತಿರುವ ಒಂದು ಕಿವಿ ಬೇಕಿತ್ತು.

ವೆಂಕಟರಮಣಯ್ಯ ಅವಳನ್ನು ಜಗಲಿಗೆ ಕರೆಸಿದರು. ಅವರ ಹೆಂಡತಿ ವನಜಮ್ಮ ಒಳಗಿಂದ ಕಾಫಿ ತಂದುಕೊಟ್ಟರು, ಅದೂ ಮನೆಯವರ ಲೋಟದಲ್ಲಿ. ಆ ಲೋಟ ಕೈಗೆ ಬಂದಾಗಲೇ ಇದು ಬರಿಯ ಕಾಫಿಯಲ್ಲ ಅಂತ ಅಮೀರ್ ಬೀಗೆ ತಿಳಿಯಿತು.

"ಅಮೀರ್ ಬೀ, ಒಂದು ಕಿವಿಯಲ್ಲೇ ಇಷ್ಟು ಕೇಳ್ತದೆ ನಿಂಗೆ. ಎರಡೂ ಆದ್ರೆ? ನಮ್ಮ ಮಾಣಿ ಮಾಡಿಕೊಡ್ತಾನೆ. ಮೊದಲನೇದು ನಿಂದೇ ಆಗ್ಲಿ."

"ಒಡೇರೆ, ಆ ಡಾಕ್ಟ್ರು ಎಡಗಿವಿ ಮುಟ್ಟೂದು ಬೇಡ ಅಂದಿದ್ರು..."

"ಅವರಿಗೆ ವಯಸ್ಸಾಯ್ತು ಮಾರಾಯ್ತಿ. ಕೈ ನಡುಗ್ತದೇನೋ, ಅದಕ್ಕೇ ಹಾಗೆ ಹೇಳಿರ್ತಾರೆ. ಎರಡು ಗಂಟೆ ಯಾರು ಮಾಡ್ತಾರೆ ಈಗಿನ ಕಾಲದಲ್ಲಿ?"

ವಿಘ್ನೇಶ್ವರ ನಕ್ಕ. ಅವಳೂ ನಕ್ಕಳು. ಒಲ್ಲೆ ಅನ್ನಲು ಬಾಯಿಯ ತುದಿಗೆ ಬಂದಿತ್ತು. ಆದರೆ ಮೊದಲ ಕಿವಿ ಕೊಡಿಸಿದವರು ಇವರೇ, ಜೀಪು ಇವರದೇ, ಆ ಜೀಪಿನ ಸ್ಟೇರಿಂಗ್ ಹಿಡಿದು ಅನ್ನ ತಿನ್ನುವವನು ಅವಳ ಗಂಡ. ಮನೆಗೆ ಬಂದು ಹೇಳಿದರೆ ಅಬ್ದುಲ್ ಖಾದರ್ ಕೂಡ, "ಒಡೇರ ಮಾತು ತೆಗೆದುಹಾಕೂದು ಹ್ಯಾಂಗೆ? ಅವರೇನು ನಮಗೆ ಕೇಡು ಬಯಸ್ತಾರಾ?" ಅಂದ. ಬಯಸಲಿಲ್ಲ, ಅದು ನಿಜ. ದಾಕ್ಷಿಣ್ಯಕ್ಕೆ ಬಸಿರಾದಳು ಅಂತ ಗಾದೆ ಮಾಡಿದವರು ಇಂಥ ಜಗಲಿಯಲ್ಲಿ ಕೂತು ಕಾಫಿ ಕುಡಿದವರೇ ಇರಬೇಕು.

ಎಂಬತ್ತಮೂರರ ನವೆಂಬರ್. ಸಭಾಭವನದ ಒಳಕೋಣೆಯಲ್ಲಿ ಅವಳದೇ ಮೊದಲ ಕಿವಿ. ವಿಘ್ನೇಶ್ವರ ನಿಲ್ಲಿಸಲೂ ಇಲ್ಲ, ಉಸಿರು ಬಿಡಲೂ ಇಲ್ಲ. ಪಕ್ಕದವರೊಡನೆ ಕ್ರಿಕೆಟ್ ಮಾತಾಡುತ್ತಲೇ ಇದ್ದ. ಏನೋ ಒಂದು ಕಿತ್ತು ಬಂತು, ಅವಳಿಗೆ ತಿಳಿಯಿತು. ಆಮೇಲೆ ಒಳಗಿನ ರಕ್ತ ತೆಗೆಯಲು ನಳಿಗೆ ಇಟ್ಟ. ಸೊರ್ರ್ ಅಂತ ಒಂದು ಸದ್ದು. ಅಷ್ಟೆ, ಸೂರು ನೆಲವಾಯಿತು, ನೆಲ ಸೂರಾಯಿತು. ಮೂರು ದಿನ ಎದ್ದರೆ ಬೀಳುವುದು, ಮಲಗಿದರೆ ವಾಂತಿ. "ಸರಿಹೋಗ್ತದೆ ಅಮೀರಮ್ಮ" ಅಂತ ಬೆನ್ನು ತಟ್ಟಿ ಅವನು ಮುಂದಿನ ಊರಿಗೆ ಹೋದ.

ತಲೆ ತಿರುಗುವುದು ನಿಂತಿತು. ಎಡಗಿವಿಯಲ್ಲಿ ಮೊದಲು ಅಷ್ಟಿಷ್ಟು ಕೇಳುತ್ತಿದ್ದದ್ದೂ ಹೋಯಿತು. ಅದರ ಬದಲಿಗೆ ಒಂದು ಸದ್ದು ಬಂದು ಕೂತಿತು. ಒಣಗಿದ ಕಾಫಿಯನ್ನು ಹಿಡಿಯಲ್ಲಿ ಹಿಡಿದು ಯಾರೋ ಕಿವಿಯ ಪಕ್ಕದಲ್ಲೇ ಕುಲುಕುತ್ತಿರುವ ಸದ್ದು. ಗಲಗಲ, ಗಲಗಲ. ಒಲೆಯ ಮುಂದೆ ಕೂತರೂ ಅದೇ, ನಮಾಜಿಗೆ ನಿಂತರೂ ಅದೇ. ಇದು ಸದ್ದೇ ಅಲ್ಲ, ಕಿವಿ ಸತ್ತ ಗುರುತು ಅಂತ ಅವಳಿಗೆ ಆಗ ಗೊತ್ತಿರಲಿಲ್ಲ.

ಜನವರಿಯಲ್ಲಿ ಕಣ ತುಂಬಿತು. ಅಮೀರ್ ಬೀ ಒಂದು ಹಿಡಿ ತೆಗೆದು ಬಲಗಿವಿಗೆ ಹಿಡಿದು ಕುಲುಕಿದಳು. ಗಲಗಲ. ಇನ್ನೊಂದು ರಾಶಿಯಿಂದ ತೆಗೆದಳು. ಗಲಗಲ. ನಿನ್ನೆ ಹರವಿದ ಹಣ್ಣನ್ನು ತೆಗೆದಳು, ಅದೂ ಗಲಗಲ. ಕೈ ಬಿಚ್ಚಿ ಎಲ್ಲ ಚೆಲ್ಲಿದಳು. ಬರಿಗೈ ಕುಲುಕಿದಳು. ಗಲಗಲ.

ಬಲಗಿವಿ ಚೆನ್ನಾಗಿಯೇ ಇತ್ತು. ಮಾತು ಕೇಳುತ್ತಿತ್ತು, ಜೀಪು ಕೇಳುತ್ತಿತ್ತು. ಆದರೆ ಅವಳ ಬದುಕಿಗೆ ಬೇಕಾಗಿದ್ದ ಆ ಒಂದೇ ಒಂದು ಸದ್ದನ್ನು ಎಡಗಿವಿ ಹಗಲೂ ಇರುಳೂ ತಾನೇ ಮಾಡುತ್ತಿತ್ತು. ಹೊರಗಿನದು ಯಾವುದು, ತಲೆಯೊಳಗಿನದು ಯಾವುದು? ರೈಟರು, "ಎಂತ ಅಮೀರ್ ಬೀ, ತುಂಬೂದಾ?" ಅಂತ ಕಾಯುತ್ತಿದ್ದ. ಕಣದ ಹೆಂಗಸರೆಲ್ಲ ಅವಳ ಮುಖ ನೋಡುತ್ತಿದ್ದರು. ಗೊತ್ತಾಗುತ್ತಿಲ್ಲ ಅನ್ನುವ ಮಾತು ಆ ಕಣದಲ್ಲಿ ಅವಳ ಬಾಯಿಂದ ಒಮ್ಮೆಯೂ ಬಂದದ್ದಿಲ್ಲ.

"ತುಂಬಿ" ಅಂದಳು.

ನಲವತ್ತು ಮೂಟೆ. ಕಾಫಿಯ ಸಿಪ್ಪೆ ತೆಗೆಯುವ ಕ್ಯೂರಿಂಗ್ ವರ್ಕ್ಸಿನಲ್ಲಿ ಬಿಚ್ಚಿದಾಗ ಮುಗ್ಗಲು ವಾಸನೆ ಬಂತು, ಕಾಫಿ ಕಡೆಯ ದರ್ಜೆಗೆ ಇಳಿಯಿತು. ಸುದ್ದಿ ಬಂದ ದಿನ ಅಮೀರ್ ಬೀ ಜಗಲಿಯ ಕೆಳಗೆ ಹೋಗಿ ನಿಂತಳು, ಬೈಸಿಕೊಳ್ಳಲು ತಯಾರಾಗಿ. ವೆಂಕಟರಮಣಯ್ಯ ಅವಳನ್ನು ಬಹಳ ಹೊತ್ತು ನೋಡಿದರು. ಅವರಿಗೆ ಗೊತ್ತಾಗಿತ್ತು. ಗೊತ್ತಾದದ್ದು ಅವಳಿಗೂ ಗೊತ್ತಾಯಿತು.

"ಗೋದಾಮಿನ ಹೆಂಚು ಸೋರ್ತಿತ್ತು" ಅಂದರು. "ನಿಂದೇನು ತಪ್ಪಿಲ್ಲ, ಹೋಗು."

ಬೈದಿದ್ದರೆ ಎಷ್ಟೋ ವಾಸಿ ಇತ್ತು. ಜನವರಿಯಲ್ಲಿ ಸೋರುವ ಹೆಂಚು! ಸೋದರಳಿಯನ ಕೈ ಕೆಟ್ಟದ್ದು ಅನ್ನುವುದಕ್ಕಿಂತ ಆಕಾಶದ ಮೇಲೆ ತಪ್ಪು ಹೊರಿಸುವುದು ಅವರಿಗೆ ಸಲೀಸಾಗಿತ್ತು. ಮಾರನೇ ದಿನದಿಂದ ಅಮೀರ್ ಬೀ ಕುಲುಕಿ ಹೇಳಿಹೋದ ಮೇಲೆ ಪ್ರೇಮಕ್ಕ ಬಂದು ಅದೇ ರಾಶಿಯಿಂದ ನಾಲ್ಕು ಕಾಯಿ ಹಲ್ಲಿನಲ್ಲಿ ಕಚ್ಚಿ ನೋಡಿ ರೈಟರಿಗೆ ಸನ್ನೆ ಮಾಡುತ್ತಿದ್ದಳು. ಒಡೆಯರ ಅಪ್ಪಣೆ. ಹೆಸರು ಅಮೀರ್ ಬೀಗೆ ಉಳಿಯಿತು, ಕೆಲಸ ಪ್ರೇಮಕ್ಕನಿಗೆ ಹೋಯಿತು. ಪ್ರೇಮಕ್ಕ ಒಮ್ಮೆಯೂ ಗೇಲಿ ಮಾಡಲಿಲ್ಲ. ಅದೇ ಅಮೀರ್ ಬೀಗೆ ಹೆಚ್ಚು ನೋವಾದದ್ದು.

ಫೆಬ್ರವರಿಯಲ್ಲಿ ತವರಿಗೆ ಹೋಗುತ್ತೇನೆ ಅಂತ ಸುಳ್ಳು ಹೇಳಿ ಬಸ್ಸು ಹತ್ತಿ ಘಟ್ಟ ಇಳಿದಳು. ಮುದುಕ ಡಾಕ್ಟರು ಕಿವಿ ನೋಡಿದರು, ಕವೆ ಮಿಡಿದರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾರು ಮಾಡಿದ್ದು?"

ಅವಳು ಹೇಳಲಿಲ್ಲ. ಉಂಡ ಮನೆಗೆ ಎರಡು ಬಗೆಯಬಾರದಲ್ಲ.

"ಇಡೀ ಪಾದ ಕಿತ್ತಿದ್ದಾರೆ. ಹೋಗ್ಲಿ, ಹಾಗೆ ಮಾಡಿಯೂ ಉಳಿಸಿದವರಿದ್ದಾರೆ. ಆದರೆ ಆ ನೀರನ್ನು ನಳಿಗೆಯಿಂದ ಹೀರಿಬಿಟ್ಟಿದ್ದಾರೆ. ಇನ್ನು ಇದಕ್ಕೆ ಮದ್ದಿಲ್ಲ ಅಮ್ಮ."

"ಏನೂ ಇಲ್ವಾ ಡಾಕ್ಟ್ರೆ?"

"ಹೊರದೇಶದಲ್ಲಿ ಈಗೊಂದು ಹೊಸತು ಮಾಡ್ತಿದ್ದಾರೆ. ಒಳಕಿವಿ ಶಂಖದ ಹಾಗಿರ್ತದೆ, ಅದರೊಳಗೆ ಸಣ್ಣ ತಂತಿ ಕೂರಿಸಿ ಕರೆಂಟಿನಿಂದ ಕೇಳಿಸ್ತಾರಂತೆ. ಎರಡು ಕಿವಿಯೂ ಹೋದವರಿಗೆ. ನಮ್ಮ ಕಡೆ ಬರೂದು ಯಾವಾಗಲೋ." ಕನ್ನಡಕವನ್ನು ಮತ್ತೆ ಹಾಕಿಕೊಂಡು ಅಂದರು. "ಬಂದರೂ ಅಷ್ಟೆ. ತಂತಿ ಎಷ್ಟು ಒಳ್ಳೇದಾದ್ರೂ ನೂಕಿ ತುರುಕುವವನ ಕೈಗೆ ಸಿಕ್ಕಿದ್ರೆ ಉಳಿದ ನರವೂ ಹರೀತದೆ. ಯಂತ್ರ ಕೇಳಿಸೂದಿಲ್ಲ ಅಮ್ಮ, ಇಡುವ ಕೈ ಕೇಳಿಸ್ತದೆ. ಇನ್ನು ನಿಮ್ಮ ಮನೆಯಲ್ಲಿ ಯಾರಿಗಾದ್ರೂ ಈ ಕಾಯಿಲೆ ಬಂದ್ರೆ ನನ್ನ ಹತ್ರ ಕಳಿಸಿ. ನಾನಿರುವಷ್ಟು ದಿನ."

ಅವಳನ್ನು ಖಾಲಾ ಅನ್ನುವ ತಂಗಿಯ ಮಗಳು ಹಬೀಬಾಗೆ ಅದು ಆಗಲೇ ಬಂದಿತ್ತು. ಎನ್.ಆರ್.ಪುರಕ್ಕೆ ಕೊಟ್ಟ ಹುಡುಗಿ, ಇಪ್ಪತ್ತಮೂರು ವರ್ಷ, ಎರಡು ಮಕ್ಕಳು. ಬಟ್ಟೆ ಅಂಗಡಿಯ ಗಂಡ ರಜಾಕ್ ಒಳ್ಳೆಯವನೇ, ಆದರೆ ಅವನ ತಾಯಿ ಸೊಸೆಯನ್ನು ಬೇಕೆಂದೇ ಮೆಲ್ಲಗೆ ಕರೆದು, ಬರಲಿಲ್ಲ ಅಂತ ಜೋರಾಗಿ ಬಯ್ಯುತ್ತಿದ್ದಳು. ಅಮೀರ್ ಬೀ ಅವಳಿಗೆ ಘಟ್ಟದ ಕೆಳಗೆ ಕರಕೊಂಡು ಹೋಗ್ತೀನಿ, ರಂಜಾನ್ ಕಳೀಲಿ ಅಂತ ಹೇಳಿ ಕಳಿಸಿದ್ದಳು. ತನ್ನ ಎಡಗಿವಿ ಹೋದದ್ದನ್ನು ಮಾತ್ರ ಹೇಳಿರಲಿಲ್ಲ.

ಅಷ್ಟರಲ್ಲಿ ಏಪ್ರಿಲ್ ಬಂತು, ಕೊಪ್ಪದಲ್ಲಿ ವಿಘ್ನೇಶ್ವರನ ಎರಡನೇ ಶಿಬಿರ ಬಂತು. ಹೋದ ಸಲದ ಹದಿನೆಂಟು ಕಿವಿಗಳಲ್ಲಿ ಎಷ್ಟು ಉಳಿದವು, ಎಷ್ಟು ಹೋದವು ಅಂತ ಯಾರೂ ಲೆಕ್ಕ ಇಟ್ಟಿರಲಿಲ್ಲ. ಕೆಲವರಿಗೆ ಚೆನ್ನಾಗಿ ಕೇಳಿಸಿತ್ತು, ಅವರು ಊರೆಲ್ಲ ಹೇಳಿದರು. ಕೇಳಿಸದವರು ತಮ್ಮ ಹಣೆಬರಹ ಅಂತ ಮನೆಯೊಳಗೆ ಕೂತರು. ವೆಂಕಟರಮಣಯ್ಯ ಮತ್ತೆ ಜಗಲಿಗೆ ಕರೆಸಿದರು. ಅದೇ ಲೋಟ.

"ವೇದಿಕೆ ಮೇಲೆ ನಿಂತು ಒಂದು ಮಾತು ಹೇಳು, ಸಾಕು. ಜನಕ್ಕೆ ಧೈರ್ಯ ಬರ್ತದೆ."

ನಲವತ್ತು ಮೂಟೆಯನ್ನು ಹೆಂಚಿನ ಮೇಲೆ ಹಾಕಿ ಅವಳ ಮಾನ ಉಳಿಸಿದವರು ಕೇಳುತ್ತಿದ್ದಾರೆ. ಹೋದಳು.

ಸಭಾಭವನ ಕಿಕ್ಕಿರಿದಿತ್ತು. ಒಂದು ಮಾತು ಅಂದದ್ದು ಅಲ್ಲಿ ಆಟವಾಯಿತು. ವಿಘ್ನೇಶ್ವರ ಮೇಜಿನ ಮೇಲೆ ಎರಡು ಬಟ್ಟೆ ಚೀಲ ಇಟ್ಟಿದ್ದ, ಒಂದರಲ್ಲಿ ಒಣಗಿದ ಕಾಫಿ, ಇನ್ನೊಂದರಲ್ಲಿ ನೀರು ಚಿಮುಕಿಸಿದ್ದು. ಅವಳ ಬಲಗಿವಿಗೆ ಹತ್ತಿ ತುರುಕಿದ. "ನೋಡಿ, ನಾನು ಮಾಡಿದ ಎಡಗಿವಿಯಲ್ಲೇ ಅಮೀರಮ್ಮ ಹೇಳ್ತಾರೆ!" ಅವನ ಕಣ್ಣಲ್ಲಿ ಕಪಟ ಇರಲಿಲ್ಲ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ಯಾರೂ ಹೇಳಿರಲಿಲ್ಲ. ಮುಂದಿನ ಸಾಲಿನಲ್ಲಿ ವೆಂಕಟರಮಣಯ್ಯ ನೆಲ ನೋಡುತ್ತಾ ಕೂತಿದ್ದರು.

ಅಮೀರ್ ಬೀ ಮೊದಲ ಚೀಲ ಎತ್ತಿ ಎಡಗಿವಿಗೆ ಹಿಡಿದು ಕುಲುಕಿದಳು. ಎರಡನೆಯದನ್ನೂ ಕುಲುಕಿದಳು. ಒಣಗಿದ ಕಾಫಿ ಹಗುರ, ಹಸಿಯದು ಭಾರ. ಇಪ್ಪತ್ತು ವರ್ಷ ಕಾಫಿ ಎತ್ತಿದ ಕೈಗೆ ಅದು ಗೊತ್ತಾಗಲು ಕಿವಿ ಬೇಕಿರಲಿಲ್ಲ. "ಇದು ಒಣಗಿದ್ದು" ಅಂತ ಮೊದಲನೆಯದನ್ನು ಎತ್ತಿ ತೋರಿಸಿದಳು.

ಚಪ್ಪಾಳೆಯೋ ಚಪ್ಪಾಳೆ. ಜನ ಎದ್ದು ಹೆಸರು ಬರೆಸಲು ನುಗ್ಗಿದರು. ಅವಳು ಹತ್ತಿ ಕಿತ್ತು ಬಿಸಾಕಿ ಮೆಟ್ಟಿಲಿಳಿದಳು. ಆ ಸಾಲಿನಲ್ಲಿ ನಾಲ್ಕನೆಯವಳು ಹಬೀಬಾ.

ಅಮೀರ್ ಬೀ ಜನರ ನಡುವೆ ನುಗ್ಗಿ ಹೋಗಿ ಅವಳ ತೋಳು ಹಿಡಿದಳು.

"ಖಾಲಾ! ರಜಾಕ್ ಬೇಡ ಅಂದ್ರು. ನಾನೇ, ಖಾಲಾದು ನೋಡಿ ಆಮೇಲೆ ಹೇಳ್ತೀನಿ ಅಂತ ಬಂದೆ. ನೋಡಿದೆನಲ್ಲ!" ಹಬೀಬಾಳ ಮುಖ ಅರಳಿಹೋಗಿತ್ತು. "ನಾಳೆಯಿಂದ ಅತ್ತೆ ಎಷ್ಟು ಮೆಲ್ಲಗೆ ಕರೆದ್ರೂ ಓ ಅಂತೀನಿ."

ಅಮೀರ್ ಬೀ ಅವಳ ಕಿವಿಗೆ ಬಾಯಿಟ್ಟು ಹೇಳಿದಳು. "ಬೇಡ ಬೇಟಾ. ಸುಳ್ಳು ಅದು. ನನ್ನ ಕಿವಿ ಸತ್ತುಹೋಗಿದೆ. ಮನೆಗೆ ನಡಿ."

"ಆಂ? ಗಟ್ಟಿಯಾಗಿ ಹೇಳಿ ಖಾಲಾ."

ಇನ್ನಷ್ಟು ಹೇಳಿದಳು. ಕೈ ಹಿಡಿದು ಎಳೆದಳು. ಹಬೀಬಾ ನಗುತ್ತಾ ಕೈ ಬಿಡಿಸಿಕೊಂಡಳು. "ಕೇಳೂದಿಲ್ಲ ಖಾಲಾ, ಈ ಗಲಾಟೆಯಲ್ಲಿ. ಗಟ್ಟಿಯಾಗಿ ಹೇಳಿ!"

ಕಿವಿ ಕೇಳದವಳಿಗೆ ಗುಟ್ಟು ಹೇಳುವುದು ಹೇಗೆ? ಗಟ್ಟಿಯಾಗಿ ಹೇಳಬೇಕು. ಗಟ್ಟಿಯಾಗಿ ಹೇಳಿದರೆ ಇಡೀ ಸಭಾಭವನಕ್ಕೆ ಕೇಳಬೇಕು. ಸಾಲಿನಲ್ಲಿದ್ದವರೆಲ್ಲ ಆಗಲೇ ತಿರುಗಿ ನೋಡುತ್ತಿದ್ದರು. ವೇದಿಕೆಯ ಹತ್ತಿರದಿಂದ ವೆಂಕಟರಮಣಯ್ಯ ಎದ್ದು ನಿಂತರು.

"ಎಂತ ಅಮೀರ್ ಬೀ? ಎಂತ ಹೇಳ್ತಿದ್ದಿ ಅವಳಿಗೆ?"

ಒಂದು ಕೂಗು ಸಾಕಿತ್ತು. ಒಂದೇ ಒಂದು. ಆ ಲೋಟ, ಆ ಜೀಪು, ಆ ಹೆಂಚು, ಎಲ್ಲ ಒಟ್ಟಿಗೆ ಅವಳ ಎದುರು ಬಂದು ನಿಂತವು.

"ಎಂತ ಇಲ್ಲ ಒಡೇರೆ" ಅಂದಳು. "ಹೆದರ್ಬೇಡ ಅಂತ ಹೇಳ್ತಿದ್ದೆ."

ಹಬೀಬಾ ಒಳಗೆ ಹೋದಳು. ಹೊರಗಿನ ಗೋಡೆ ಗಡಿಯಾರದ ಕೆಳಗೆ ಅಮೀರ್ ಬೀ ನಿಂತೇ ಇದ್ದಳು. ಹದಿನೈದು ನಿಮಿಷವೂ ಹಿಡಿಯಲಿಲ್ಲ.

ಸಂಜೆ ಹಜಾರದಲ್ಲಿ ಹಾಸಿದ ಚಾಪೆಯ ಮೇಲೆ ಹಬೀಬಾ ಕಣ್ಣು ಮುಚ್ಚಿ ಮಲಗಿದ್ದಳು. ತಲೆಗೆ ಬಿಳಿ ಪಟ್ಟಿ. ಎರಡು ಸಲ ವಾಂತಿಯಾಗಿತ್ತು, ನೆಲ ತಿರುಗುತ್ತಿದೆ ಅಂತ ಚಾಪೆಯ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು. ಅಮೀರ್ ಬೀ ಪಕ್ಕದಲ್ಲಿ ಕೂತು ಅವಳ ಬಾಯಿ ಒರೆಸಿದಳು. ಆ ಸ್ಪರ್ಶಕ್ಕೆ ಹಬೀಬಾ ಕಣ್ಣು ತೆರೆದು ಖಾಲಾಳನ್ನು ಗುರುತಿಸಿ ನಕ್ಕಳು. ಎಷ್ಟು ಖುಷಿಯ ನಗು ಅದು!

"ಖಾಲಾ, ಕಿವಿ ಬಂತು" ಅಂದಳು. "ಆಗ್ಲೇ ಕೇಳಿಸ್ಲಿಕ್ಕೆ ಶುರುವಾಗಿದೆ. ನಿಮ್ಮ ಕಣದಲ್ಲಿ ಕಾಫಿ ಕುಲುಕ್ತಿದ್ರಲ್ಲ, ನಾನು ಸಣ್ಣವಳಿದ್ದಾಗ ಕೇಳಿದ್ದೆ, ಹಾಗೇ. ಗಲಗಲ ಗಲಗಲ ಅಂತ. ಸ್ವಲ್ಪವೂ ನಿಲ್ಲೂದಿಲ್ಲ."

ಅಮೀರ್ ಬೀ ಅವಳ ತಲೆಯ ಪಟ್ಟಿ ಸರಿಮಾಡಿದಳು.

"ನಿಮಗೂ ಮೊದಲು ಹೀಗೇ ಕೇಳಿತ್ತಾ?"

ಈಗ ಸಭಾಭವನ ಖಾಲಿ ಇತ್ತು. ಒಡೆಯರು ಹೋಗಿದ್ದರು, ವಿಘ್ನೇಶ್ವರ ಹೋಗಿದ್ದ. ಎಷ್ಟು ಗಟ್ಟಿಯಾಗಿ ಬೇಕಾದರೂ ಹೇಳಬಹುದಿತ್ತು.

"ಹೌದು ಬೇಟಾ" ಅಂತ ಅಮೀರ್ ಬೀ ಗಟ್ಟಿಯಾಗಿ ಹೇಳಿದಳು. "ಹೀಗೇ ಕೇಳಿತ್ತು."